ಮೂರನೇ ಗುಂಡಿಯ ಹೂವು

ಬೆಳಿಗ್ಗೆ ತಮ್ಮನ ಫೋನು ಬಂದಾಗಿನಿಂದ ಅವಳು ಕೈಯನ್ನು ಎಷ್ಟು ಸಲ ತೊಳೆದಳೋ ಅವಳಿಗೇ ಗೊತ್ತಿಲ್ಲ. ಹಂದಿ ಸಾಕುವ ಮನೆಗೆ ಸೊಸೆಯಾಗಿ ಬಂದ ಮೇಲೆ ಸೋಪು ಒಂದು ಚಟವಾಗಿಬಿಟ್ಟಿತ್ತು. ತೊಳೆಯುವುದು, ಮೂಗಿಗೆ ಹಿಡಿದು ನೋಡುವುದು, ಮತ್ತೆ ತೊಳೆಯುವುದು. ವಾಸನೆ ಕೈಯಲ್ಲಿಲ್ಲ ಕಣಮ್ಮ, ಮೂಗಿನೊಳಗೇ ಮನೆ ಮಾಡಿಕೊಂಡಿದೆ, ಬಾಡಿಗೆ ಕೊಡದೆ ಇದೆ, ಎಂದು ಮಾವ ನಗುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಕಿಟಕಿ ತೆಗೆದು, ಅದೂ ಸಾಲದೆ ಹಿಂದಿನ ಸೀಟಿಗೆ ಎದ್ದು ಹೋದಾಗ ಮಾವನ ಆ ನಗೆ ನೆನಪಿಗೆ ಬರುತ್ತಿರಲಿಲ್ಲ. “ಅಕ್ಕಾ, ಮಧ್ಯಾಹ್ನ ಬರ್ತೀನಿ, ಇವಳನ್ನೂ ಕರ್ಕೊಂಡು ಬರ್ತೀನಿ,” ಎಂದಿದ್ದ ತಮ್ಮ. “ನಿನ್ನ ಹತ್ರ ಒಂದು ಮಾತು ಕೇಳೋದಿದೆ.” ಫೋನಿನಲ್ಲೇ ಕೇಳಬಾರದೇನೋ ಎಂದದ್ದಕ್ಕೆ, “ಇಲ್ಲ, ಅವಳ ಎದುರಿಗೇ ನೀನು ಹೇಳ್ಬೇಕು. ನೀನು ಹೇಳಿದ ಮೇಲೆ ನಾನೇನು ಮಾಡ್ಬೇಕೋ ಮಾಡ್ತೀನಿ,” ಎಂದು ಇಟ್ಟುಬಿಟ್ಟ. ಅವನು ಕೇಳುವುದು ಏನೆಂದು ಅವಳಿಗೆ ಗೊತ್ತಿತ್ತು. ತಮ್ಮ ಮೀನು ಹಿಡಿಯುವ ಕೆರೆಯ ದಂಡೆಯ ಮಾತು ಅವಳ ಅಂಗಳದವರೆಗೆ ನಡೆದು ಬರಲು ಕಾಲು ಬೇಕಿರಲಿಲ್ಲ. ಮೀನು ತರುವ ಮುದುಕಿ ಎಲ್ಲವನ್ನೂ ಬುಟ್ಟಿಯ ಜೊತೆ ಇಳಿಸಿ ಹೋಗಿದ್ದಳು. ಅಂತರಗಂಗೆ ಗಿಡ ಕೆರೆಯನ್ನು ಪೂರ್ತಿ ಮುಚ್ಚಿದೆ, ದೋಣಿ ಅಲ್ಲಾಡುವುದಿಲ್ಲ, ತಂದು ಬಿಟ್ಟವಳು ನಿನ್ನ ತಮ್ಮನ ಹೆಂಡತಿಯೇ ಎಂದು ದಂಡೆಯವರೆಲ್ಲ ತೀರ್ಮಾನ ಮಾಡಿ ಕೂತಿದ್ದಾರೆ, ನಲ್ಲಿಯ ಹತ್ತಿರ ಅವಳು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಳ್ಳುತ್ತಾರೆ. ಅಯ್ಯೋ ಪಾಪ, ಎಂದಿದ್ದಳು ಇವಳು. ಅಂದದ್ದು ತನ್ನ ಬಾಯೇ. ಮುದುಕಿ ಹೋದ ಮೇಲೂ ಆ ಪಾಪ ಎಂಬ ಮಾತು ನಾಲಿಗೆಯ ಮೇಲೆ ಮೀನಿನ ಮುಳ್ಳಿನ ಹಾಗೆ ಉಳಿದಿತ್ತು.

ಗಂಡ ಮಾರುಕಟ್ಟೆಯ ಗಾಡಿಯ ಜೊತೆ ಹೋಗಿದ್ದ. ದೊಡ್ಡಿ ತೊಳೆದದ್ದಾಗಿತ್ತು. ಕೋಲಿಗೆ ಕಬ್ಬಿಣದ ಹಲ್ಲು ಕಟ್ಟಿದ ಕೊಕ್ಕೆ ಹಿಡಿದು ಅವಳು ಹಿತ್ತಲಿನ ಗುಂಡಿಗಳ ಕಡೆ ನಡೆದಳು. ತೊಳೆದ ನೀರು ಮೊದಲನೇ ಗುಂಡಿಗೆ ಬಿದ್ದು ಅಲ್ಲಿ ಗಟ್ಟಿಯದೆಲ್ಲ ತಳ ಹಿಡಿಯುತ್ತದೆ, ಎರಡನೆಯದು ಹಗಲು ರಾತ್ರಿ ಗುಳುಗುಳು ಎನ್ನುತ್ತ ಹೊಟ್ಟೆ ಕೆಟ್ಟವನ ಹಾಗೆ ಕುದಿಯುತ್ತದೆ, ಮೂರನೆಯದು ಇವಳದು. ಅಲ್ಲಿ ನೀರೇ ಕಾಣುವುದಿಲ್ಲ. ಊದಿದ ದಂಟಿನ, ಹೊಳೆಯುವ ಎಲೆಯ ಅದೇ ಅಂತರಗಂಗೆ ಗಿಡಗಳು ಒಂದರ ಹೆಗಲಿಗೊಂದು ಹೆಗಲು ಕೊಟ್ಟು ತೇಲುತ್ತವೆ. ಒಂದನ್ನು ಎತ್ತಿದರೆ ಕೆಳಗೆ ಕಪ್ಪು ಕೂದಲಿನಂಥ ಬೇರು, ಆ ಬೇರಿನ ತುಂಬ ಲೋಳೆಯಾಗಿ ಅಂಟಿಕೊಂಡ ಕೊಳೆ. ಕೊಳೆ ತಿಂದು ಕೊಬ್ಬುವ ಗಿಡ. ಮೊನ್ನೆಯಷ್ಟೆ ಹೂ ಬಿಟ್ಟಿತ್ತು, ತಿಳಿ ನೇರಳೆ, ಮೇಲಿನ ಎಸಳಿನಲ್ಲಿ ಹಳದಿ ಕಣ್ಣು. ಮುಂಚೆ ಹೂ ಬಿಟ್ಟ ದಿನ ಅವಳು ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದಳು. ಈಗ ಆ ಹಳದಿ ಕಣ್ಣು ತನ್ನನ್ನೇ ನೋಡುತ್ತದೆ ಅನಿಸಿ, ಕೊಕ್ಕೆಯಿಂದ ಹೂವಿನ ಕುತ್ತಿಗೆಯನ್ನೇ ಮೊದಲು ಮುರಿದಳು. ಎಂಥಾ ಹುಚ್ಚು, ಅಂದುಕೊಂಡಳು. ಹೂವು ಏನು ಸಾಕ್ಷಿ ಹೇಳುತ್ತದೆಯೆ?

ಇದೆಲ್ಲ ಶುರುವಾದದ್ದೇ ತಮ್ಮನ ಕೆರೆಗೋಸ್ಕರ, ಅದನ್ನು ಯಾರೂ ಮರೆಯಬಾರದು. ಒಂದು ಬೇಸಿಗೆ ಅವನು ಚೀಲದ ತುಂಬ ಸತ್ತ ಮೀನು ತಂದು ಈ ಹಿತ್ತಲಲ್ಲಿ ಸುರಿದಿದ್ದ. ಜಗಳ ಆಡಿದ್ದರೆ ಚೆನ್ನಾಗಿತ್ತು. “ನೋಡಕ್ಕ, ನಿಮ್ಮ ನೀರು ಹಳ್ಳಕ್ಕೆ ಬಂದು, ಹಳ್ಳ ನಮ್ಮ ಕೆರೆಗೆ ಬಂದು ಹೀಗಾಯ್ತು. ಮಾವನಿಗೆ ತೋರಿಸಬೇಡ, ಬೇಜಾರು ಮಾಡ್ಕೋತಾರೆ. ನಿನಗೆ ಗೊತ್ತಿರ್ಲಿ ಅಂತ ತಂದೆ ಅಷ್ಟೆ,” ಎಂದು ಮೆಲ್ಲಗೆ ಹೇಳಿ, ತಾನೇ ಗುಂಡಿ ತೋಡಿ ಮೀನು ಹೂತು, ಕೈ ತೊಳೆದು ಊಟಕ್ಕೆ ಕೂತಿದ್ದ. ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಇವಳು. ಅವನ ಆ ಮೆಲುದನಿಗೆ ಅವಳು ಒಳಗೊಳಗೇ ಸುಟ್ಟುಹೋದಳು. ಅಲ್ಲಿ ಇಲ್ಲಿ ಕೇಳಿ, ಫೋನಿನಲ್ಲಿ ನೋಡಿ, ಹೂಗಿಡ ಮಾರುವವನ ತೊಟ್ಟಿಯಿಂದ ನಾಲ್ಕಾರು ಗಿಡ ಬೇಡಿ ತಂದು ಮೂರನೇ ಗುಂಡಿಗೆ ಬಿಟ್ಟಳು. ಮಳೆ ಮುಗಿಯುವ ಹೊತ್ತಿಗೆ ಗುಂಡಿ ಹಸಿರಾಯಿತು. ಆಚೆ ತೂಬಿನಲ್ಲಿ ಬರುವ ನೀರನ್ನು ಬಾಟಲಿಗೆ ಹಿಡಿದರೆ ಹಿಂದಿನ ಬೆರಳು ಕಾಣುತ್ತಿತ್ತು. ದೊಡ್ಡಿಯ ಬಾಗಿಲು ಮುಚ್ಚಿಸುತ್ತೇವೆ ಎಂದು ಗದರಿಸಿ ಹೋಗಿದ್ದ ಸರ್ಕಾರಿ ಆಫೀಸಿನವರೇ ಬಂದು ಬೆನ್ನು ತಟ್ಟಿದರು. ಬೇರೆ ದೊಡ್ಡಿಯವರು ನೋಡಲು ಬಂದರು. ಅವರಿಗೆಲ್ಲ ಅವಳು ಕೋಲು ಹಿಡಿದು ವಿವರಿಸುವಳು: ಗಿಡ ಬಿಟ್ಟರೆ ಆಗಲಿಲ್ಲ, ವಾರ ವಾರ ಒಂದು ಪಾಲು ಎತ್ತಬೇಕು, ಎತ್ತದಿದ್ದರೆ ಹಳೆಯವು ಕೊಳೆತು ತಿಂದದ್ದನ್ನೆಲ್ಲ ನೀರಿಗೇ ಕಕ್ಕುತ್ತವೆ. ತೂಬಿನ ಬಾಯಿಗೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಲೇಬೇಕು, ಒಂದು ತುಂಡು ಆಚೆ ಹೋದರೂ ಮುಗಿಯಿತು ಕತೆ. ಯಾರೋ ಅವಳಿಗೆ ಗಿಡದ ಡಾಕ್ಟ್ರಮ್ಮ ಎಂದು ಹೆಸರಿಟ್ಟರು. ಹಂದಿ ಮನೆ ಸೊಸೆ ಎಂಬ ಹೆಸರಿನ ಮೇಲೆ ಅದು ಹೊಸ ಸೀರೆಯ ಹಾಗೆ ಕೂತಿತು.

ಎತ್ತಿದ ಗಿಡವನ್ನು ಏನು ಮಾಡಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೊಚ್ಚಿ ಹಂದಿಗೆ ಹಾಕಿದಳು. ಸ್ವಲ್ಪ ಹಾಕಿದರೆ ತಿಂದವು, ಜಾಸ್ತಿ ಹಾಕಿದರೆ ಭೇದಿ ಮಾಡಿಕೊಂಡವು, ಅದೂ ಮತ್ತೆ ಗುಂಡಿಗೇ ಬಂತು. ಗೊಬ್ಬರಕ್ಕೆಂದು ಗೋಡೆಯ ಬದಿಗೆ ರಾಶಿ ಹಾಕಿದಳು. ನೀರೇ ಮೈಯಾದ ಗಿಡ, ಒಣಗುವುದೆಂದರೆ ಅದಕ್ಕೆ ಬೇಸಿಗೆಯೇ ಬೇಕು. ಎರಡನೇ ವರ್ಷದ ಮಳೆಗೆ ರಾಶಿ ಕಪ್ಪಾಗಿ ಕೆಸರಾಗಿ ಹುಳ ಬಿದ್ದಿತು. ಪಕ್ಕದ ಮನೆಯವನು ಗೋಡೆಯ ಮೇಲಿಂದ, “ಮೊದಲು ಹಂದಿ ನಾತ ಒಂದೇ ಇತ್ತು, ಈಗ ಡಾಕ್ಟ್ರಮ್ಮನ ಔಷಧಿ ನಾತಾನೂ ಸೇರ್ಕೊಂಡ್ತಲ್ಲಪ್ಪ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಬೀದಿ ನಕ್ಕಿತು. ಮಳೆ ಬಿಡಲಿಲ್ಲ, ಗಿಡ ಬೆಳೆಯುವುದನ್ನೂ ಬಿಡಲಿಲ್ಲ. ಗೋಡೆಯ ಹಿಂದೆ ಹಳ್ಳ ತುಂಬಿ ಕೆಂಪಗೆ ಓಡುತ್ತಿತ್ತು. ಅವಳು ಬುಟ್ಟಿ ಹೊತ್ತು ಗೋಡೆಯ ಹತ್ತಿರ ಸುಮ್ಮನೆ ನಿಂತಿದ್ದಳು, ಮಾವ ಹಿಂದಿನಿಂದ ಬಂದು, “ಏನು ನೋಡ್ತೀಯಮ್ಮ, ನೀರಲ್ಲಿ ಹುಟ್ಟಿದ್ದು ನೀರಿಗೆ ಹೋಗುತ್ತೆ, ಹರಿಯೋ ನೀರಿಗೆ ಯಾವ ಭಾರ?” ಎಂದರು. ಅದು ಅಪ್ಪಣೆಯೂ ಅಲ್ಲ, ಸಲಹೆಯೂ ಅಲ್ಲ, ಅವರ ಎಲ್ಲ ಮಾತುಗಳ ಹಾಗೆ ಒಂದು ಮಾತು. ಬುಟ್ಟಿ ಮಗುಚಿದಳು. ಗಿಡಗಳು ನೀರಿಗೆ ಬಿದ್ದು, ಒಂದು ಸುತ್ತು ತಿರುಗಿ, ತಲೆ ಮೇಲೆ ಮಾಡಿಕೊಂಡು, ಮದುವೆಗೆ ಹೊರಟವರ ಹಾಗೆ ಸಾಲಾಗಿ ಹೋದವು. ಆಗ ಅವಳಿಗೆ ಆದದ್ದು ಸಮಾಧಾನ. ಮಾರನೆಯ ದಿನ ಮತ್ತೆರಡು ಬುಟ್ಟಿ. ಆ ಮಳೆಗಾಲದಲ್ಲಿ ರಾಶಿ ಪೂರ್ತಿ ಖಾಲಿಯಾಯಿತು, ಗೋಡೆಯ ಬದಿ ಗುಡಿಸಿ ಒಪ್ಪವಾಗಿಟ್ಟಳು. ತೂಬಿಗೆ ಕಟ್ಟಿದ ತಂತಿ ಬಲೆ ದಾಟಿ ಒಂದು ಎಲೆಯೂ ಆಚೆ ಹೋಗಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಅವಳಿಗೆ ನಗು ಬರುವ ಹಾಗಾಗುತ್ತದೆ, ಬರುವುದಿಲ್ಲ.

ತಮ್ಮನ ಹೆಂಡತಿ ಬಂದದ್ದು ಅದಕ್ಕೂ ಮುಂಚೆ, ಮದುವೆಯಾದ ಹೊಸತರಲ್ಲಿ. ಈ ಮನೆಗೆ ಬರುವ ನೆಂಟರೆಲ್ಲ ಬಾಗಿಲಲ್ಲೇ ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒಯ್ದು, ಆಮೇಲೆ ಅದು ಬೆವರು ಒರೆಸಲು ಎಂಬಂತೆ ನಟಿಸುತ್ತಾರೆ. ಈ ಹುಡುಗಿ ಹಾಗೆ ಮಾಡಲಿಲ್ಲ. “ನಾನು ಮೀನಿನ ಬುಟ್ಟೀಲಿ ಹುಟ್ಟಿದವಳು ಅತ್ತಿಗೆ, ನನ್ನ ಮೂಗು ಯಾವತ್ತೋ ಸತ್ತಿದೆ,” ಎಂದು ಗಹಗಹಿಸಿ ನಕ್ಕು ಸೀದಾ ಹಿತ್ತಲಿಗೆ ಬಂದು, ಮೂರನೇ ಗುಂಡಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಹೊತ್ತು ಹೋದದ್ದೇ ತಿಳಿಯಲಿಲ್ಲ. ತನ್ನ ಜೊತೆ ಅಷ್ಟು ಹೊತ್ತು, ಅಷ್ಟು ಹತ್ತಿರ ಕೂತವರು ಈ ಊರಿನಲ್ಲಿ ಬೇರೆ ಯಾರಿದ್ದರು? ಹೊರಡುವಾಗ, “ಅತ್ತಿಗೆ, ಈ ಹೂವಿನ ಗಿಡ ಒಂದು ಕೊಡ್ತೀರಾ? ಬಾಗಿಲ ಮುಂದೆ ಬಕೆಟ್ಟಲ್ಲಿ ಇಟ್ಕೋತೀನಿ,” ಎಂದಳು. ಕೆರೆಗೆ ಬಿಡಬೇಡ ಮತ್ತೆ, ಎಂದು ಹೇಳಿಯೇ ಕೊಟ್ಟಿದ್ದಳು ಇವಳು. ಹೂ ಬಿಟ್ಟಾಗ ಹುಡುಗಿ ದಂಡೆಯವರನ್ನೆಲ್ಲ ಕರೆದು ಕರೆದು ತೋರಿಸಿದಳಂತೆ. ಈಗ ದಂಡೆಯವರಿಗೆ ನೆನಪಿರುವುದು ಅದೊಂದೇ.

ಕೊಕ್ಕೆ ಎಳೆದೂ ಎಳೆದೂ ತೋಳು ಸೋಲುವ ಹೊತ್ತಿಗೆ ಮುಂಬಾಗಿಲಲ್ಲಿ ಮಾವನ ದೊಡ್ಡ ದನಿ ಕೇಳಿಸಿತು. “ಬಾರಯ್ಯ ಕೆರೆ ಸಾಹುಕಾರ! ಏನು, ಮೀನು ತಂದಿಯೋ, ಬರೀ ಮುಖ ತಂದಿಯೋ?”

“ಬರೀ ಮುಖಾನೇ ಮಾವ. ಮೀನಿನ ಮುಖ ನಾನೇ ನೋಡಿ ತಿಂಗಳಾಯ್ತು.”

“ಒಳಗೆ ಬಾರಮ್ಮ, ನೀನ್ಯಾಕೆ ಅಲ್ಲೇ ನಿಂತೆ?”

“ಇಲ್ಲೇ ಇರ್ತೀನಿ ಮಾವ,” ಎಂದ ದನಿ ಆ ಗಹಗಹದ ಹುಡುಗಿಯದು ಎಂದು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಕೈ ತೊಳೆದು ಒಳಗೆ ಬಂದಳು. ತಮ್ಮ ಬೆಂಚಿನ ಮೇಲೆ ಕೂತಿದ್ದ. ಈಗ ಐಸ್ ಫ್ಯಾಕ್ಟರಿಯಲ್ಲಿ ಹೊರುವ ಕೆಲಸ ಮಾಡುತ್ತಾನೆಂದು ಗೊತ್ತಿತ್ತು. ಬೆರಳುಗಳು ಬಿಳಚಿ, ಉಗುರಿನ ಸುತ್ತ ಸೀಳಿದ್ದವು. ದೋಣಿಯ ಹುಟ್ಟು ಹಾಕಿ ಗಟ್ಟಿಯಾದ ಅಂಗೈ ಇನ್ನೂ ಹಾಗೇ ಇತ್ತು, ಬೇರೆಯವರ ಅಂಗೈ ಅಂಟಿಸಿದ ಹಾಗೆ. ಅವನ ಹೆಂಡತಿ ಹೊಸ್ತಿಲಿನ ಆಚೆ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದಳು. ಅವಳಿಗೆ ಕೊಟ್ಟ ನೀರಿನ ಲೋಟ ಪಕ್ಕದಲ್ಲಿ ಹಾಗೇ ಇತ್ತು.

“ಕೆರೆ ಈಗ ಹೇಗಿದೆ?” ಎಂದಳು, ಏನಾದರೂ ಕೇಳಬೇಕಲ್ಲ ಎಂದು.

“ಕೆರೆ ಎಲ್ಲಿದೆ ಅಕ್ಕ? ಮೈದಾನ. ನಾಯಿ ನಡ್ಕೊಂಡು ಹೋಗುತ್ತೆ ಅದರ ಮೇಲೆ. ನಾವೆಲ್ಲ ಸೇರ್ಕೊಂಡು ಕಿತ್ತು ಕಿತ್ತು ದಂಡೆಗೆ ಹಾಕಿದ್ವಿ; ಬೆಳಿಗ್ಗೆ ನೋಡಿದ್ರೆ ಕಿತ್ತ ಜಾಗ ಯಾವುದು ಅಂತಾನೇ ತಿಳಿಯಲ್ಲ. ಕೆಳಗೆ ನೀರು ಕಪ್ಪಗಾಗಿದೆ, ಮೀನಿಗೆ ಉಸಿರಿಲ್ಲ. ದೋಣಿ ಮಗುಚಿ ಹಾಕಿದೀನಿ. ಕೋಳಿ ಮೊಟ್ಟೆ ಇಡ್ತಾ ಇದೆ ಅದರ ಕೆಳಗೆ.”

“ಅಷ್ಟಾದ್ರೂ ಆದಾಯ ಬಂತಲ್ಲಯ್ಯ,” ಎಂದರು ಮಾವ. ಯಾರೂ ನಗಲಿಲ್ಲ. ಮಾವ ತಮ್ಮ ತಲೆಯನ್ನು ತಾವೇ ಸವರಿಕೊಂಡರು.

ತಮ್ಮ ಮುಂದಕ್ಕೆ ಬಾಗಿದ. “ನೋಡಕ್ಕ, ನಾನು ಓದಿದವನಲ್ಲ. ದಂಡೆಯವರು ಏನೇನೋ ಅಂತಾರೆ. ಒಬ್ಬ, ಹಳ್ಳದ ಮೇಲಿಂದ ಬಂದಿರಬೇಕು, ನಿನ್ನ ಅಕ್ಕನ ಗುಂಡಿಯಿಂದಾನೇ ಅಂದ. ಕೊರಳಪಟ್ಟಿ ಹಿಡಿದೆ ನೋಡು ಅವನದು! ನಮ್ಮಕ್ಕ ತೂಬಿಗೆ ಬಲೆ ಕಟ್ಟಿದಾಳೆ ಕಣೋ, ಸೊಳ್ಳೆ ಆಚೆ ಹೋಗಲ್ಲ, ಬಾ ತೋರಿಸ್ತೀನಿ ಅಂದೆ. ಸುಮ್ಮನಾದ.” ಅವನ ಮುಖದಲ್ಲಿ ಒಂದು ಕ್ಷಣ ಹಳೆಯ ಹೆಮ್ಮೆ ಬಂದು ಹೋಯಿತು. “ಉಳಿದದ್ದು ಇವಳ ಬಕೆಟ್ಟು. ಇವಳು ಅಲ್ಲ ಅಂತಾಳೆ. ಅವರು ಹೌದು ಅಂತಾರೆ. ಇವಳನ್ನ ತೌರಿಗೆ ಕಳಿಸು, ಇಲ್ಲಾಂದ್ರೆ ನೀನೂ ದಂಡೆ ಬಿಡು ಅಂತಾರೆ. ನಾನು ಅಂದೆ, ನಮ್ಮಕ್ಕನ್ನ ಕೇಳ್ತೀನಿ. ಅವಳಿಗಿಂತ ಆ ಗಿಡ ಬಲ್ಲವರು ಯಾರಿದಾರೆ? ಅಕ್ಕ ಆಗಲ್ಲ ಅಂದ್ರೆ ನಾನು ಅಷ್ಟು ಜನಾನೂ ಎದುರು ಹಾಕ್ಕೋತೀನಿ, ಇವಳ ಕೂದಲು ಕೊಂಕೋಕೆ ಬಿಡಲ್ಲ. ನೀನೇ ಹೇಳು. ಒಂದು ಗಿಡ, ಒಂದೇ ಒಂದು ಗಿಡ, ಕೆರೆ ತುಂಬುತ್ತಾ?”

ಮೆಟ್ಟಿಲ ಮೇಲಿನ ಬೆನ್ನು ಅಲ್ಲಾಡಲಿಲ್ಲ. ಈಗ ಹೇಳಿದರೆ ಆಯಿತು, ಅಂದುಕೊಂಡಳು ಇವಳು. ನಾನೇ ಕಣೋ, ಬುಟ್ಟಿ ಬುಟ್ಟಿ. ಬಾಯಿ ತೆರೆದರೆ ಎರಡು ಮಾತು. ಆದರೆ ಆ ಎರಡು ಮಾತಿನ ಆಚೆ ಅವಳಿಗೆ ಎಲ್ಲವೂ ಕಾಣಿಸಿತು: ದಂಡೆಯವರು ದೊಡ್ಡಿಯ ಬಾಗಿಲಲ್ಲಿ, ಗೋಡೆಯ ಮೇಲೆ ಪಕ್ಕದ ಮನೆಯವನ ನಗು, ಗಂಡನ ಮೌನ, ಮುಚ್ಚಿದ ದೊಡ್ಡಿ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಕೂತ ಇವನ ಮುಖ. ಇವನು ಬೈಯುವುದಿಲ್ಲ. ಮತ್ತೆ ಆ ಮೆಲುದನಿಯಲ್ಲಿ, ಹೋಗ್ಲಿ ಬಿಡಕ್ಕ, ಅನ್ನುತ್ತಾನೆ, ಕೈ ತೊಳೆದು ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ನಿಜ ಬೇಡ, ಸಣ್ಣದೊಂದು ಸುಳ್ಳು ಸಾಕು; ಆಗೋಲ್ಲಪ್ಪ, ಒಂದು ಗಿಡಕ್ಕೆ ಅಷ್ಟು ಶಕ್ತಿ ಎಲ್ಲಿ ಎಂದುಬಿಟ್ಟರೆ ಹುಡುಗಿ ಉಳಿಯುತ್ತಾಳೆ. ಆದರೆ ಆಗ ಇವರು ಬೇರೆ ಎಲ್ಲಿಂದ ಬಂತು ಎಂದು ಹುಡುಕುತ್ತಾರೆ. ಹುಡುಕಿಕೊಂಡು ಹಳ್ಳದ ಗುಂಟ ಮೇಲೆ ಬರುತ್ತಾರೆ. ಮೇಲೆ ಇರುವುದು ಈ ಗೋಡೆ. ಮಾವನ ಕಡೆ ನೋಡಿದಳು. ಮಾತಿಗೆ ಮೊದಲೇ ಮಾತು ಹುಟ್ಟಿಸುವ ಮನುಷ್ಯ ನೆಲದ ಮೇಲಿನ ಬಿರುಕನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. “ಹಂದಿ ಯಾಕೋ ಕೂಗ್ತಾ ಇದೆ,” ಎಂದು ಎದ್ದು ಹಿತ್ತಲಿಗೆ ಹೋದರು. ಹಂದಿ ಕೂಗುತ್ತಿರಲಿಲ್ಲ.

“ಸಾಕು,” ಎಂದಳು.

“ಏನು?”

“ಒಂದು ಗಿಡ ಸಾಕು.” ದನಿ ತಾನಾಗಿ ಬರುತ್ತಿತ್ತು, ನೋಡಲು ಬಂದವರಿಗೆ ಕೋಲು ಹಿಡಿದು ಹೇಳುವ ಅದೇ ದನಿ. “ಪಕ್ಕಕ್ಕೆ ಬಳ್ಳಿ ಬಿಡುತ್ತೆ, ಬಳ್ಳಿ ತುದೀಲಿ ಮರಿ. ಆ ಮರಿಗೆ ಮತ್ತೆ ಮರಿ. ಕೊಳೆ ನೀರು ಸಿಕ್ಕಿದ್ರೆ ಕೇಳೋದೇ ಬೇಡ. ಎರಡು ಮಳೆ ಸಾಕು ಒಂದು ಕೆರೆಗೆ.” ಒಂದಕ್ಷರ ಸುಳ್ಳಿಲ್ಲ. ಯಾರನ್ನು ಬೇಕಾದರೂ ಕೇಳಲಿ.

ಹುಡುಗಿ ತಿರುಗಿದಳು. ಅಳುತ್ತಿರುತ್ತಾಳೆ ಅಂದುಕೊಂಡಿದ್ದಳು ಇವಳು, ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದ ಮಗು ಮೇಷ್ಟರನ್ನು ನೋಡುವ ಹಾಗೆ ನೋಡುತ್ತಿದ್ದಳು. “ನನ್ನದು ಸತ್ತೋಯ್ತಲ್ಲ ಅತ್ತಿಗೆ. ಬಟ್ಟೆ ಒಗೆದ ಸೋಪಿನ ನೀರು ಬಿದ್ದು ಎಲೆ ಎಲ್ಲ ಕೊಳೆತು, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ನಾನೇ ಕೈಯಾರೆ ಒಲೆಗೆ ಹಾಕಿದ್ದೀನಿ. ಸುಟ್ಟಿದ್ದು ಹುಟ್ಟುತ್ತಾ?”

“ಸುಟ್ಟಿದ್ದು ಹುಟ್ಟಲ್ಲ.”

ತಮ್ಮ ತಲೆ ಎತ್ತಿದ. ಹುಡುಗಿಯ ಮುಖದಲ್ಲಿ ಏನೋ ಒಂದು ಹೊತ್ತಿಕೊಂಡಿತು, ಅಷ್ಟೇ ಸಾಕಿತ್ತು, ಅಲ್ಲಿಗೆ ನಿಲ್ಲಿಸಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಆಮೇಲೆ ಬಂದ ಮಾತನ್ನು ತನ್ನಿಂದ ಯಾರೂ ಕೇಳಿರಲಿಲ್ಲ, ಯಾರೂ ಎಳೆದು ತೆಗೆದಿರಲಿಲ್ಲ.

“ಆದ್ರೆ ಅದು ಹೂ ಬಿಟ್ಟಿತ್ತಲ್ವಾ,” ಎಂದಳು ಮೆಲ್ಲಗೆ. “ಹೂ ಬಿಟ್ಟ ಮೇಲೆ ಬೀಜ ಬೀಳುತ್ತೆ. ಧೂಳಿನ ಹಾಗೆ ಇರುತ್ತೆ, ಕಣ್ಣಿಗೆ ಕಾಣಲ್ಲ. ಬಕೆಟ್ಟು ತೊಳೆದ ನೀರು ಎಲ್ಲಿ ಚೆಲ್ಲಿದೆ?”

ಹುಡುಗಿಯ ತುಟಿ ಅಲ್ಲಾಡಿತು. ನೆನಪು ಮಾಡಿಕೊಳ್ಳುತ್ತಿದ್ದಳು. ಅವಳು ನೆನಪು ಮಾಡಿಕೊಳ್ಳುವುದನ್ನು ಹೀಗೆ ಎದುರಿಗೆ ನಿಂತು ನೋಡುವುದು, ಕೋಣೆಯೊಳಗೆ ಇನ್ನೊಬ್ಬರು ಹುಡುಕಾಡುವಾಗ ಕಳೆದ ವಸ್ತುವನ್ನು ಮುಷ್ಟಿಯಲ್ಲಿ ಹಿಡಿದು ನಿಂತ ಹಾಗಿತ್ತು. “ಎಲ್ಲಿ ಅಂದ್ರೆ… ಮನೆ ಮುಂದೇನೆ ದಂಡೆ ಅಲ್ವಾ ಅತ್ತಿಗೆ. ಎಲ್ಲರೂ ಅಲ್ಲೇ ಚೆಲ್ಲೋದು. ಅಲ್ಲೇ ಚೆಲ್ಲಿರ್ತೀನಿ.” ಒಂದು ಸಲ ಹೇಳಿದಳು, ಮತ್ತೆ ತನಗೇ ಹೇಳಿಕೊಂಡಳು, “ಅಲ್ಲೇ ಚೆಲ್ಲಿದೆ. ಹೌದು.” ಇಷ್ಟು ದಿನ ನಲ್ಲಿಯಲ್ಲಿ, ದಂಡೆಯಲ್ಲಿ, ಗಂಡನ ಎದುರಿಗೆ ಇಲ್ಲ ಇಲ್ಲ ಎಂದು ಹಿಡಿದುಕೊಂಡಿದ್ದ ಹಗ್ಗ ಅವಳ ಕೈಯಿಂದ ಸದ್ದಿಲ್ಲದೆ ಜಾರಿತು.

ತಮ್ಮ ಹಣೆಯನ್ನು ಅಂಗೈಯಿಂದ ಒತ್ತಿಕೊಂಡ. ಸಿಟ್ಟಿರಲಿಲ್ಲ ಅವನಲ್ಲಿ. ಬಹಳ ದಿನದಿಂದ ಎರಡು ಕಡೆ ಎಳೆಯುತ್ತಿದ್ದ ಹಗ್ಗವೊಂದು ಒಂದು ಕಡೆ ತುಂಡಾದವನ ಸಡಿಲ ಮಾತ್ರ ಇತ್ತು. “ಗೊತ್ತಾಯ್ತಲ್ಲ. ಆಯ್ತು,” ಎಂದ. “ನಾಳೆ ಬೆಳಿಗ್ಗೆ ಬಸ್ಸಿದೆ. ನಿಮ್ಮಮ್ಮನ ಮನೆಗೆ ಬಿಟ್ಟು ಬರ್ತೀನಿ. ಕೆರೆ ಸರಿಹೋಗ್ಲಿ, ಆಮೇಲೆ ನೋಡೋಣ.”

ಕೆರೆ ಸರಿಹೋಗುವುದಿಲ್ಲ ಎಂದು ಆ ಕೋಣೆಯಲ್ಲಿ ಬಲ್ಲವಳು ಒಬ್ಬಳೇ. ಅದರ ಬೀಜ ಕೆಸರಿನ ತಳದಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಅದನ್ನೂ ಅವಳು ನೋಡಲು ಬಂದವರಿಗೆ ಎಷ್ಟೋ ಸಲ ಹೇಳಿದ್ದಳು. ಈಗ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹುಡುಗಿ ಎದ್ದಳು. ಹೊಸ್ತಿಲು ದಾಟಿ ಒಳಗೆ ಬಂದಳು, ಈ ದಿನ ಮೊದಲ ಸಲ. ಬಂದು ಇವಳ ಎದುರಿಗೆ ನೆಲದ ಮೇಲೆ ಕೂತು, ಇವಳ ಎರಡೂ ಕಾಲು ಹಿಡಿದುಕೊಂಡಳು. “ನೀವು ಕೊಡುವಾಗಲೇ ಹೇಳಿದ್ರಿ ಅತ್ತಿಗೆ, ಕೆರೆಗೆ ಬಿಡಬೇಡ ಅಂತ. ನನಗೆ ಬುದ್ಧಿ ಇರಲಿಲ್ಲ. ಅಷ್ಟು ಜನರ ಹೊಟ್ಟೆ ಮೇಲೆ ಹೊಡೆದೆ, ನಿಮ್ಮ ಗಿಡಕ್ಕೂ ಕೆಟ್ಟ ಹೆಸರು ತಂದೆ. ನಿಮ್ಮ ತಮ್ಮ ಕ್ಷಮಿಸದಿದ್ರೂ ಪರವಾಗಿಲ್ಲ, ನೀವು ಕ್ಷಮಿಸಿದೆ ಅನ್ನಿ.” ಈಗ ಅಳು ಬಂತು ಅವಳಿಗೆ, ಮೈ ಕುಲುಕುವ ಹಾಗೆ, ತಾನೇ ಮಾಡಿದೆ ಎಂದು ಪೂರ್ತಿ ನಂಬಿದವರು ಮಾತ್ರ ಅಳಬಲ್ಲ ಅಳು.

ಕಾಲು ಹಿಂದಕ್ಕೆಳೆದುಕೊಳ್ಳಬೇಕು ಅನಿಸಿತು. ಎಳೆದುಕೊಂಡರೆ ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಬಗ್ಗಿ ಅವಳ ತಲೆಯ ಮೇಲೆ ಕೈ ಇಟ್ಟಳು. ಬಿಸಿಲಲ್ಲಿ ಬಂದ ತಲೆ, ಬೆಚ್ಚಗಿತ್ತು. ಬೈತಲೆಯ ಗುಂಟ ಕೈ ತಾನಾಗಿ ಹೋಗಿ ಬಂತು, ಚಿಕ್ಕವನಿದ್ದಾಗ ತಮ್ಮನ ತಲೆ ಸವರುತ್ತಿದ್ದ ಹಾಗೆ. ಎದೆಯಲ್ಲಿ ಏನೋ ಕರಗಿತು. ಅವಳಿಗೆ ಅಸಹ್ಯವೆನಿಸಿದ್ದು ಅದೇ: ಕರಗಿದ್ದು ನಿಜವಾಗಿಯೂ ಕರುಣೆಯೇ ಆಗಿತ್ತು, ಹಾಲಿನಂಥ ಕರುಣೆ, ಕಣ್ಣು ತುಂಬಿ ಬರುವಷ್ಟು.

“ಅಳಬೇಡ,” ಎಂದಳು. “ಗೊತ್ತಿಲ್ಲದೆ ಆದದ್ದು. ಕ್ಷಮಿಸಿದ್ದೀನಿ, ಏಳು.”

“ನೋಡಿದ್ಯಾ,” ಎಂದ ತಮ್ಮ, ಹೆಂಡತಿಯ ಕಡೆ ತಿರುಗಿ. “ನಮ್ಮಕ್ಕ ಅಂದ್ರೆ ಏನು ಅಂತ ನೋಡಿದ್ಯಾ.”